ಕುಲುಕಿದರೆ ಸದ್ದಾಗಬಾರದು

ಗೂಡು ಕುಲುಕಿದರೆ ಸದ್ದಾಗಬೇಕು.
ಶಿಡ್ಲಘಟ್ಟದಲ್ಲಿ ಹುಟ್ಟಿದ ಕೂಸಿಗೂ ಗೊತ್ತು ಅದು:
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ
ಒಳಗಿನ ಹುಳ ಟಕ್ಕನ್ನಬೇಕು,
ಆಮೇಲೆ ಬೆಲೆಯ ಮಾತು.

ಪೆಟ್ಟಿಗೆ ಹಾಗಲ್ಲ.
ಪೆಟ್ಟಿಗೆ ಕುಲುಕಿದರೆ ಸದ್ದಾಗಬಾರದು.
ಇಷ್ಟು ಕಲಿಯುವುದಕ್ಕೆ ನನಗೆ
ಎರಡು ಟೀವಿ, ಒಂದು ಟೇಪ್ ರೆಕಾರ್ಡರ್
ಮತ್ತು ಅಫ್ಸರ್ ಪಾಷಾ ಅವರ ಒಂದು ವಾರದ ಮೌನ ಬೇಕಾಯಿತು.

ಹತ್ತೊಂಬತ್ತು ವರ್ಷ ನಾನು ಬಿಚ್ಚುವವಳು.
ಕುದಿನೀರಲ್ಲಿ ತೇಲುವ ಗೂಡಿನಿಂದ
ಎಳೆಯ ತುದಿ ಹುಡುಕಿ ರಾಟೆಗೆ ಕೊಟ್ಟವಳು.
ಬೆರಳು ಬೆಂದು ಬೆಂದು ಗೆರೆ ಅಳಿಸಿ
ರೇಷನ್ ಅಂಗಡಿಯ ಮೆಷೀನು ಇವತ್ತಿಗೂ
ಇವಳು ಯಾರೋ ಅನ್ನುತ್ತೆ.
ರಾಟೆ ನಿಂತ ಮೇಲೆ ಈ ಗೋಡೌನಿಗೆ ಬಂದೆ.
ಹಳೇ ಸಾಮಾನು ಕೊಂಡು, ಸರಿಮಾಡಿ,
ಕಾಣದ ಊರಿಗೆ ಕಳಿಸುವ ವ್ಯಾಪಾರ.
ಈಗ ನಾನು ಕಟ್ಟುವವಳು.

ಮೊದಮೊದಲು ಜುಟ್ಟು ತುಂಬೋಣ ಅಂದಿದ್ದೆ,
ಮೆತ್ತಗಿರುತ್ತೆ, ಪುಕ್ಕಟೆ ಸಿಗುತ್ತೆ.
ಪಾಷಾ ಮೂಗು ಮುಚ್ಚಿಕೊಂಡರು:
ಹುಳದ ವಾಸನೆಗೆ ಕೊರಿಯರಿನವನು
ಬೇರೆ ಚಾರ್ಜು ಕೇಳ್ತಾನಮ್ಮ.

ಮೊನ್ನೆ ದಿಬ್ಬೂರಹಳ್ಳಿಯ ಮೈಕ್ ಸೆಟ್ ಪಿಳ್ಳಪ್ಪ
ಆಟೋದಲ್ಲಿ, ತೊಡೆಯ ಮೇಲೆ ಕೂರಿಸಿಕೊಂಡು,
ವಾಲ್ವಿನ ಆಂಪ್ಲಿಫೈಯರ್ ತಂದರು.
ಜಬಲ್ಪುರದ ಯಾರೋ ದುಡ್ಡು ಕಟ್ಟಿಯಾಗಿತ್ತು.
ವಾಲ್ಯೂಮಿನ ತಿರುಪು ಎಂದೋ ಮುರಿದು
ಅಲ್ಲಿ ಟೂತ್‌ಪೇಸ್ಟಿನ ಹಸಿರು ಮುಚ್ಚಳ ಕೂತಿತ್ತು.
"ಕಾಣೆಯಾದ ಮಕ್ಕಳ ಹೆಸರು ಕೂಗಿದ್ದೀನಿ ಇದರಲ್ಲಿ,
ಸಿಕ್ಕ ಮೇಲೂ ಕೂಗಿದ್ದೀನಿ," ಅಂದರು.
ನಾನು ಫೋಟೋ ತೆಗೆದೆ. ಮುಂದೆ, ಹಿಂದೆ, ನಂಬರು, ಗೀರು.
ಗೀರಿದ್ದರೆ ಗೀರು ಅಂತಲೇ ಬರೆಯಬೇಕು.

ಗಾಜಿನ ವಾಲ್ವುಗಳನ್ನು ಒಂದೊಂದಾಗಿ ಕಿತ್ತೆ,
ಹಲ್ಲು ಕೀಳುವ ಹಾಗೆ ಅವರು ಕಣ್ಣು ಮುಚ್ಚಿದರು.
ಯಾವುದು ಯಾವ ಗುಳಿಯದೋ ಚೀಟಿ ಅಂಟಿಸಿ
ಗುಳ್ಳೆ ಹಾಳೆ ಸುತ್ತಿ ಬೇರೆ ಡಬ್ಬಿಗಿಟ್ಟೆ.
ಟ್ರಾನ್ಸ್‌ಫಾರ್ಮರಿನ ಬೋಲ್ಟು ಬಿಗಿಮಾಡಿದೆ,
ಸಡಿಲ ಬಿಟ್ಟರೆ ದಾರಿಯುದ್ದಕ್ಕೂ ಅದೇ ಸುತ್ತಿಗೆ,
ಹೊರಗಿನವರು ಒಡೆಯಬೇಕಿಲ್ಲ.
ವೈರು ಸುತ್ತಿ ಪಿನ್ನಿಗೆ ಬಟ್ಟೆ ಕಟ್ಟಿದೆ.
ಪೆಟ್ಟಿಗೆಯೊಳಗೆ ಪೆಟ್ಟಿಗೆ,
ನಡುವೆ ನಾಲ್ಕು ಬೆರಳು ಥರ್ಮಾಕೋಲು.
ಪೇಪರಿನ ಉಂಡೆ ಬೇಡ, ನಾಗಪುರ ದಾಟುವಷ್ಟರಲ್ಲಿ
ಕುಸಿದು ಕೂತಿರುತ್ತೆ.

ಸೆಕೆಂಡ್ ಹ್ಯಾಂಡ್ ಅಂತಾರೆ.
ಮೊದಲ ಕೈ ಅವರದು, ಎರಡನೇದು ಜಬಲ್ಪುರದ್ದು.
ನಡುವಿನ ಈ ಬೆಂದ ಕೈ
ಯಾವ ಲೆಕ್ಕಕ್ಕೋ.

ಟೇಪು ಹಚ್ಚಿ ಮುಗಿಸಿದ ಮೇಲೆ
ಪಿಳ್ಳಪ್ಪ ಬಗ್ಗಿ ಪೆಟ್ಟಿಗೆಗೆ ಕಿವಿಕೊಟ್ಟರು.
ಮೆಲ್ಲಗೆ ಅಲುಗಿಸಿದರು. ಇನ್ನೊಂದು ಸಲ.
"ಏನೂ ಕೇಳಿಸ್ತಿಲ್ವಲ್ಲಮ್ಮ."
"ಕೇಳಿಸದೇ ಇದ್ದರೆ ಒಳ್ಳೇದು," ಅಂದೆ.
ಅವರಿಗೆ ಸಮಾಧಾನವಾಗಲಿಲ್ಲ.
ನಲವತ್ತು ವರ್ಷ ಊರಿಗೇ ಕೇಳಿಸಿದವರು,
ಅವರಿಗೆ ಹೇಗಾದೀತು.
ದುಡ್ಡು ಎಣಿಸದೆ ಜೇಬಿಗಿಟ್ಟು
ಆಟೋದಲ್ಲಿ ವಾಪಸು ಹೋದರು,
ಕೈಯೆರಡೂ ಖಾಲಿ ತೊಡೆಯ ಮೇಲೆ.

ಕೊರಿಯರ್ ಹುಡುಗ ಬಾಣದ ಗುರುತು ನೋಡದೆ
ತಲೆಕೆಳಗು ಏರಿಸಿದ. ಓಡಿಹೋಗಿ ತಿರುಗಿಸಿದೆ.
ಚಿಂತಾಮಣಿ ದಾಟಿ ಮತ್ತೆ ಹೇಗಿಟ್ಟನೋ,
ಅದನ್ನು ಕಟ್ಟುವುದಕ್ಕೆ ನನ್ನಲ್ಲಿ ಟೇಪಿಲ್ಲ.

ಒಂಬತ್ತನೇ ದಿನ ಪಾಷಾ ಫೋನಿಗೆ ಮೆಸೇಜು.
ಗಾಜೆಲ್ಲ ನೆಟ್ಟಗಿದೆಯಂತೆ, ಉರಿಯುತ್ತಿದೆಯಂತೆ.
ಏಳು ಸುತ್ತು ಸುತ್ತಿ ಹಸಿರು ಮುಚ್ಚಳ ಒಂದು ಬಂದಿದೆ,
ಇದೇನು, ತಪ್ಪಿ ಬಂತಾ, ಎಸೆಯಲಾ?

ಪಾಷಾ ನನ್ನ ಮುಖ ನೋಡಿದರು.
ಬರೀರಿ ಅಂದೆ:
ಎಸೆಯಬೇಡಿ.
ಬಲಗಡೆ ಕಡ್ಡಿಗೆ ಸಿಕ್ಕಿಸಿ
ತಿರುಗಿಸಿ,
ನಿಧಾನಕ್ಕೆ.